ಮಾದರಿಯ ಲೋಟ ತುಂಬುವ ತನಕ

ಬಟ್ಟೆ ಒಣಹಾಕುವಾಗ ಕ್ಲಿಪ್ಪಿನ ಜವಾಬ್ದಾರಿ ಮಿರ್ತೆಯದು. ಅಮ್ಮ ಬುಟ್ಟಿಯಿಂದ ಒಂದೊಂದೇ ಬಟ್ಟೆ ತೆಗೆದು, ಫಟ್ಟೆಂದು ಕೊಡವಿ, ತಂತಿಯ ಮೇಲೆ ಹರವುತ್ತಾಳೆ. ಎಂಟು ವರ್ಷದ ಮಿರ್ತೆ ಲಂಗದ ಮಡಿಲಿನಿಂದ ಮರದ ಕ್ಲಿಪ್ಪುಗಳನ್ನು ಎರಡೆರಡೇ ಎತ್ತಿ ಕೊಡುತ್ತಾಳೆ. ಸೈಕಲ್ ರೇಸು ತುಳಿದು ಬದುಕುವವರ ಮನೆಯಲ್ಲಿ ಒಗೆಯುವ ಬಟ್ಟೆಗೆ ಕೊನೆಮೊದಲಿಲ್ಲ. ಮಳೆಯಲ್ಲಿ ನೆಂದದ್ದು, ಕಲ್ಲುಹಾಸಿನ ರಸ್ತೆಯ ಕೆಸರು ಮೆತ್ತಿದ್ದು, ಬೆವರಿನ ಉಪ್ಪು ಬಿಳಿಗೆರೆ ಕಟ್ಟಿದ್ದು, ಹೀಗೆ ದಿನಕ್ಕೊಂದು ಬುಟ್ಟಿ.

ಅವತ್ತು ಅಮ್ಮ ಒಂದೇ ಚಡ್ಡಿಯನ್ನು ಮೂರು ಸಲ ಕೊಡವಿದಳು. ಕಣ್ಣು ಮಾತ್ರ ಅಡುಗೆಮನೆಯ ಕಿಟಕಿಯಲ್ಲಿಟ್ಟ ಮೊಬೈಲಿನ ಮೇಲೆ.

"ಅಮ್ಮಾ, ಅದರಲ್ಲಿ ಇನ್ನೇನೂ ನೀರಿಲ್ಲ. ಬಿಟ್ಬಿಡು ಪಾಪ," ಎಂದಳು ಮಿರ್ತೆ.

"ಬಾಯಿ ಜಾಸ್ತಿ ಆಯ್ತು ನಿಂದು. ಕ್ಲಿಪ್ ಕೊಡು."

ಮೊಬೈಲಿನ ಧ್ಯಾನ ಯಾಕೆಂದು ಮಿರ್ತೆಗೆ ಗೊತ್ತಿತ್ತು. ದೇಶದ ತಂಡ ಆರಿಸುವ ಮಾರ್ನಿಕ್ಸ್ ಇವತ್ತು ಹೆಸರುಗಳನ್ನು ಹೇಳುತ್ತಾನೆ. ವರ್ಷವಿಡೀ ಬೇರೆ ಬೇರೆ ಕಂಪನಿಗಳ ತಂಡದಲ್ಲಿ ಒಬ್ಬರಿಗೊಬ್ಬರು ಎದುರಾಗಿ ತುಳಿಯುವ ಹೆಂಗಸರು ವಿಶ್ವ ಚಾಂಪಿಯನ್‌ಶಿಪ್ಪಿನ ಆ ಒಂದು ದಿನ ಮಾತ್ರ ದೇಶದ ತಿಳಿನೀಲಿ ಅಂಗಿ ತೊಟ್ಟು ಒಟ್ಟಿಗೆ ತುಳಿಯುತ್ತಾರೆ. ಆ ಅಂಗಿ ಅಮ್ಮನಿಗೆ ಇದುವರೆಗೆ ಒಮ್ಮೆಯೂ ಸಿಕ್ಕಿಲ್ಲ. ಬರುವ ಚಳಿಗಾಲಕ್ಕೆ ಅಮ್ಮ ರೇಸು ಬಿಡುತ್ತಾಳೆ. ಹಾಗಾಗಿ ಸಿಕ್ಕರೆ ಈಗ, ಇಲ್ಲದಿದ್ದರೆ ಇಲ್ಲವೇ ಇಲ್ಲ.

ಅಷ್ಟರಲ್ಲಿ ಮುಂಬಾಗಿಲ ಬೆಲ್ ಸದ್ದಾಯಿತು.

ಅಮ್ಮನ ಕೈಯಲ್ಲಿದ್ದ ಕಾಲುಚೀಲ ಹುಲ್ಲಿನ ಮೇಲೆ ಬಿತ್ತು. "ಅಯ್ಯೋ ದೇವರೇ! ಈಗ ತಾನೇ ಬಚ್ಚಲಿಗೆ ಹೋಗ್ಬಂದೆನಲ್ಲೇ!"

ಇಷ್ಟು ಬೆಳಿಗ್ಗೆ ಆ ಮನೆಯ ಬೆಲ್ ಒತ್ತುವವರು ಒಬ್ಬರೇ. ಗಿಲೇನ್ ಮೇಡಂ. ಪ್ರತಿದಿನ ಯಾವುದಾದರೂ ಒಂದು ಗಂಟೆ ತಾನು ಎಲ್ಲಿ ಸಿಗುತ್ತೇನೆಂದು ಅಮ್ಮ ಮುಂಚೆಯೇ ತಿಳಿಸಿರಬೇಕು. ಆ ಗಂಟೆಯಲ್ಲಿ ಯಾವತ್ತು ಬೇಕಾದರೂ ಅವರು ಬಂದು ಮೂತ್ರದ ಮಾದರಿ ಕೇಳಬಹುದು, ನಿಷೇಧಿಸಿದ ಔಷಧಿ ಏನಾದರೂ ಸೇರಿದೆಯೇ ಎಂದು ನೋಡುವುದಕ್ಕೆ. ಉಳಿದ ದಿನಕ್ಕೆ ಅಡ್ಡಿಯಾಗದಿರಲೆಂದು ಅಮ್ಮ ಕೊಟ್ಟಿದ್ದು ಈ ಮುಂಜಾನೆಯ ಗಂಟೆ.

"ಏನಮ್ಮಾ ವೇರ್ಲೆ, ಮುಖ ನೋಡಿದ್ರೆ ಕೊಡ ಖಾಲಿ ಅನ್ಸುತ್ತೆ," ಎಂದರು ಗಿಲೇನ್ ಮೇಡಂ, ದೊಡ್ಡ ಚೀಲವನ್ನು ಬಾಗಿಲ ಬಳಿ ಇಳಿಸುತ್ತ. ನೆರೆತ ಕೂದಲು, ಗಟ್ಟಿ ಬೂಟು, ಹಿಂದೆ ಎಲ್ಲೋ ವ್ಯಾಯಾಮದ ಮೇಷ್ಟರಾಗಿದ್ದವರ ಧ್ವನಿ.

"ಐದು ನಿಮಿಷ ಮುಂಚೆ ಬಂದಿದ್ರೆ ಧಾರಾಳವಾಗಿ ಕೊಡ್ತಿದ್ದೆ ಮೇಡಂ."

"ಎಲ್ಲರೂ ಇದನ್ನೇ ಹೇಳ್ತಾರೆ. ಪರವಾಗಿಲ್ಲ, ಕಾಯ್ತೀನಿ. ಆದ್ರೆ ನನ್ನ ಕಣ್ಣಿಂದ ಆಚೆ ಹೋಗೋ ಹಾಗಿಲ್ಲ. ಗೊತ್ತಲ್ಲ?"

ಹಿತ್ತಲಿನ ಪಾರಿವಾಳದ ಗೂಡಿನಿಂದ ಅಜ್ಜ ಇಳಿದು ಬಂದ. ಅಜ್ಜನೆಂದರೆ ಅಮ್ಮನ ಅಪ್ಪ, ಅಶೀಲ್. ಮಿರ್ತೆಯ ಅಪ್ಪ ಬೇಕರಿಯಲ್ಲಿ ಕೆಲಸಕ್ಕಿದ್ದು, ಬೆಳಗಿನ ಹೊತ್ತು ಮನೆಯಲ್ಲಿರುತ್ತಿರಲಿಲ್ಲ. ಹಾಗಾಗಿ ಬಂದವರಿಗೆ ಕಾಫಿ ಬಗ್ಗಿಸುವುದು ಅಜ್ಜನ ಪಾಲು.

"ನನ್ನ ರೇಸಿನ ಪಾರಿವಾಳಕ್ಕೂ ಪರೀಕ್ಷೆ ಮಾಡ್ತಾರೆ ಮೇಡಂ," ಎಂದ ಅಜ್ಜ. "ಬರ್ತಾರೆ, ಹಿಕ್ಕೆ ಗುಡಿಸ್ಕೊಂಡು ಹೋಗ್ತಾರೆ. ಅವು ಇವಳ ಥರ ಯಾರನ್ನೂ ಕಾಯಿಸಲ್ಲ. ಕೇಳೋಕೆ ಮುಂಚೇನೇ ಕೊಟ್ಬಿಡ್ತವೆ, ಬೇಕಾದ್ರೆ ತಲೆ ಮೇಲೇನೇ."

"ಅಪ್ಪಾ!"

"ಅದರಲ್ಲೂ ಅನ್ನೆಲೋರ್ ಅಂತೂ ಭಾರೀ ಧಾರಾಳಿ."

ಗಿಲೇನ್ ಮೇಡಂ ಕಾಫಿ ಲೋಟ ಕೆಳಗಿಟ್ಟರು. "ಯಾವ ಅನ್ನೆಲೋರ್?"

"ಹಕ್ಕಿ ಮೇಡಂ, ಹಕ್ಕಿ. ಎಲ್ಲರಿಗಿಂತ ಮುಂಚೆ ಊರು ಸೇರುತ್ತೆ, ಆಮೇಲೆ ಸೂರಿನ ಮೇಲೆ ಕೂತು ಶೃಂಗಾರ ಮಾಡ್ಕೊಳ್ಳುತ್ತೆ. ಗೂಡಿನ ಒಳಗೆ ಕಾಲಿಡೋ ತನಕ ಲೆಕ್ಕಕ್ಕಿಲ್ಲ ಅಂತ ಅದಕ್ಕೆ ಯಾರು ಹೇಳ್ಬೇಕು? ದುರಹಂಕಾರ ನೋಡಿ ಹೆಸರಿಟ್ಟೆ."

ಆ ಹೆಸರು ಮೂಲದಲ್ಲಿ ಹಕ್ಕಿಯದಲ್ಲ. ಅನ್ನೆಲೋರ್ ಬೇರೆ ಕಂಪನಿಯ ತಂಡದಲ್ಲಿ ಸೈಕಲ್ ತುಳಿಯುವವಳು. ವಸಂತದ ಒಂದು ರೇಸಿನಲ್ಲಿ ಅವಳೂ ಅಮ್ಮನೂ ಇಬ್ಬರೇ ಮುಂದೆ ಸಿಡಿದು ಬಂದಿದ್ದರು. ಎದುರುಗಾಳಿ; ಮುಂದಿದ್ದವರು ಗಾಳಿ ತಡೆದರೆ ಹಿಂದಿದ್ದವರಿಗೆ ತುಳಿತ ಹಗುರ. ಅನ್ನೆಲೋರ್ ಒಂದು ಸಲವೂ ಮುಂದೆ ಬಂದು ಗಾಳಿ ತಡೆಯಲಿಲ್ಲ. ಅಮ್ಮನ ಹಿಂದಿನ ಚಕ್ರಕ್ಕೆ ಜಿಗಣೆಯ ಹಾಗೆ ಅಂಟಿಕೊಂಡು ಬಂದು, ಕೊನೆಯ ಗೆರೆಯ ಹತ್ತಿರ ಪಕ್ಕಕ್ಕೆ ಸರಿದು ಗೆದ್ದುಬಿಟ್ಟಳು. ಆ ಸಂಜೆ ಅಮ್ಮ ಕಾರಿನಲ್ಲಿ ಕೂತು ಕರಿದ ಆಲೂಗಡ್ಡೆಯನ್ನು ತಣ್ಣಗಾಗುವ ತನಕ ಒಂದೊಂದೇ ತಿಂದಳು. ಈ ಮನೆಯಲ್ಲಿ ಇನ್ನು ಯಾರೂ ಅನ್ನೆಲೋರ್ ಕಡೆಯವರಾಗಕೂಡದು ಎಂದು ಮಿರ್ತೆ ಅವತ್ತೇ ತೀರ್ಮಾನಿಸಿದ್ದಳು.

ಅಮ್ಮ ನಲ್ಲಿಗೆ ಲೋಟ ಹಿಡಿದು ಒಂದು ಲೋಟ ನೀರು ಕುಡಿದಳು. ಮೊಬೈಲ್ ನೋಡಿದಳು. ಇನ್ನೊಂದು ಲೋಟ ಕುಡಿದಳು.

"ನಿಧಾನ," ಎಂದರು ಗಿಲೇನ್ ಮೇಡಂ. "ಜಾಸ್ತಿ ಕುಡಿದ್ರೆ ತೆಳುವಾಗುತ್ತೆ. ತೆಳುವಾದ್ರೆ ನಡೆಯಲ್ಲ. ಮತ್ತೆ ಮೊದಲಿಂದ ಕಾಯ್ಬೇಕು."

"ಗೊತ್ತು ಮೇಡಂ," ಎಂದು ಅಮ್ಮ ಮೂರನೆಯದನ್ನೂ ಗಟಗಟ ಇಳಿಸಿದಳು. ಇಷ್ಟು ವರ್ಷ ರೇಸಿನಲ್ಲಿದ್ದವಳು ಮಾಡಬಾರದ ತಪ್ಪು. ಆದರೆ ಮಾರ್ನಿಕ್ಸನ ಫೋನು ಬರುವ ಮುಂಚೆ ಇದು ಮುಗಿದರೆ ಸಾಕೆಂಬ ಆತುರ ಅವಳದು.

ಸ್ವಲ್ಪ ಹೊತ್ತಿನಲ್ಲೇ ಅಮ್ಮ ಎದ್ದು ಮೊಬೈಲನ್ನು ಜೇಬಿಗೆ ಹಾಕಿಕೊಂಡಳು. ಇಬ್ಬರೂ ಮಹಡಿಯ ಬಚ್ಚಲಿಗೆ ಹೋದರು. ಮೇಲಿನಿಂದ ನಲ್ಲಿ ತಿರುಗಿಸಿ ಬಿಟ್ಟ ಸದ್ದು. ನೀರಿನ ಸದ್ದು ಕೇಳಿದರೆ ಬೇಗ ಬರುತ್ತದಂತೆ. ಅಜ್ಜ ಗೂಡಿಗೆ ಮರಳಿದ. ಮಿರ್ತೆ ಚಾಕೊಲೇಟ್ ಹಚ್ಚಿದ ಬ್ರೆಡ್ಡಿನ ಅಂಚು ಕಚ್ಚುತ್ತಿದ್ದಾಗ ನಡುಮನೆಯ ಹಳೆಯ ಫೋನು ಟ್ರಿಣ್ ಟ್ರಿಣ್ ಎಂದಿತು.

"ವೇರ್ಲೆ?" ಎಂದಿತು ಗಂಡುಧ್ವನಿ.

"ಅಲ್ಲ, ಮಿರ್ತೆ."

"ನಾನು ಮಾರ್ನಿಕ್ಸ್ ಅಂಕಲ್ ಮಾತಾಡ್ತಿರೋದು. ಅಮ್ಮ ಎಲ್ಲಿ ಪುಟ್ಟಿ? ಮೊಬೈಲ್ ಸಿಗ್ತಾನೇ ಇಲ್ಲ."

"ಬಚ್ಚಲಲ್ಲಿ ಸಿಗ್ನಲ್ ಬರಲ್ಲ. ಉಚ್ಚೆ ಹೊಯ್ಯೋಕೆ ಒದ್ದಾಡ್ತಿದಾಳೆ. ಗಿಲೇನ್ ಮೇಡಂ ಎದುರಿಗೆ ಕೂತು ನೋಡ್ತಿದಾರೆ."

ಆ ಕಡೆಯಿಂದ ಕಾರಿನ ಹಾರ್ನಿನ ಜೊತೆ ದೊಡ್ಡ ನಗು ಕೇಳಿಸಿತು. "ಅಯ್ಯೋ ಪಾಪ! ಹಾಗಾದ್ರೆ ಕರೀಬೇಡ ಬಿಡು. ನನಗೂ ಗೊತ್ತು ಆ ಕಷ್ಟ. ಒಂದ್ಸಲ ಮೂರು ಗಂಟೆ ಕೂತಿದ್ದೆ ನಾನು. ನೀನು ಜಾಣೆ ಅಲ್ವಾ? ಒಂದು ಮಾತು ಕೇಳ್ಬೇಕು ಅಮ್ಮನ್ನ."

"ಏನು?"

"ತಂಡದಲ್ಲಿ ಒಂದೇ ಒಂದು ಜಾಗ ಉಳಿದಿದೆ. ಗೆಲ್ಬೇಕಾಗಿರೋದು ಅನ್ನೆಲೋರ್. ಅವಳಿಗೆ ಗಾಳಿ ತಡೆಯೋಕೆ, ನೀರು ತಂದುಕೊಡೋಕೆ ಒಬ್ಬರು ಬೇಕು. ತನ್ನ ಗೆಲುವು ಅಂತ ಯೋಚನೆ ಮಾಡೋ ಹಾಗಿಲ್ಲ. ಆ ಕೆಲಸಕ್ಕೆ ನಿಮ್ಮಮ್ಮನಷ್ಟು ಗಟ್ಟಿ ಇನ್ನೊಬ್ಬರಿಲ್ಲ. ಅಮ್ಮನ್ನ ಹೀಗೆ ಕೇಳು: ಅನ್ನೆಲೋರ್‌ಗೋಸ್ಕರ ತುಳೀತೀಯಾ? ಹೂಂ ಅನ್ನೋದಾದ್ರೆ ಎಂಟು ಗಂಟೆ ಒಳಗೆ ಫೋನ್ ಮಾಡ್ಲಿ. ಆಮೇಲೆ ನಾನು ಬೇರೆ ಹೆಸರು ಕೊಟ್ಬಿಡ್ತೀನಿ. ನೆನಪಿರುತ್ತಾ?"

"ಇರುತ್ತೆ," ಎಂದಳು ಮಿರ್ತೆ.

ತೊಂದರೆ ಶುರುವಾದದ್ದೇ ಅಲ್ಲಿ. ಮರೆತುಹೋಗಿದ್ದರೆ ಎಷ್ಟೋ ಸುಖವಿತ್ತು. ಮಿರ್ತೆ ಬ್ರೆಡ್ಡನ್ನು ಕೆಳಗಿಟ್ಟಳು. ಅಮ್ಮ, ಅವಳ ಅಮ್ಮ, ಆ ಜಿಗಣೆಗೆ ನೀರು ಹೊರುವುದು! ಹೆಗಲಿಗೆ, ಬೆನ್ನಿಗೆ ಬಾಟಲಿ ತುರುಕಿಕೊಂಡು ಏದುಸಿರು ಬಿಡುತ್ತ ತಂದು ಕೊಡುವುದು, ಅವಳು ಕುಡಿದು ಬಿಸಾಡುವುದು! ಕೇಳದೇ ಇದ್ದರೆ ಆ ಅವಮಾನವೇ ಇಲ್ಲ. ಎಂಟು ಗಂಟೆ ತಾನಾಗಿ ಕಳೆದುಹೋಗುತ್ತದೆ. ಮಿರ್ತೆ ಏನೂ ಮಾಡಬೇಕಾಗಿಲ್ಲ, ಸುಮ್ಮನಿದ್ದರಾಯಿತು.

ಅಮ್ಮ ಮತ್ತು ಗಿಲೇನ್ ಮೇಡಂ ಇಳಿದು ಬಂದರು. ಮೇಡಂ ಒಂದು ಹನಿಯನ್ನು ಪುಟ್ಟ ಉಪಕರಣದ ಮೇಲೆ ಬಿಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಏನು ಹೇಳಿದ್ದೆ ನಾನು? ಇದು ಮೂತ್ರ ಅಲ್ಲಮ್ಮ, ಊರ ಕೆರೆ. ಇನ್ನೊಂದು ಸಲ ಬೇಕು."

"ಹಾಳಾದ ನೀರು," ಎಂದು ಅಮ್ಮ ಕುರ್ಚಿಯಲ್ಲಿ ಕುಸಿದು ಮೊಬೈಲ್ ತೆಗೆದು ನೋಡಿದಳು. "ಯಾರಾದ್ರೂ ಬಂದಿದ್ರಾ ಮಿರ್ತೆ?"

"ಯಾರೂ ಬರ್ಲಿಲ್ಲ." ಅದು ಸುಳ್ಳೇನೂ ಅಲ್ಲ. ಬಂದದ್ದು ಫೋನು.

ಸುಮ್ಮನೆ ಕೂತರೆ ಅಮ್ಮನಿಗೆ ಆಗದು. ಬಾಕಿ ಬಟ್ಟೆ ಹಾಕುತ್ತೇನೆಂದು ಎದ್ದಳು. ಹಿಂದೆಯೇ ಗಿಲೇನ್ ಮೇಡಂ ಕಾಫಿ ಲೋಟ ಹಿಡಿದು ಹಿತ್ತಲಿಗೆ ಬಂದರು. ಕ್ಲಿಪ್ ಕೊಡಲು ಮಿರ್ತೆಯೂ ಬರಬೇಕಾಯಿತು. ಸೂರಿನ ಅಂಚಿನಲ್ಲಿ ಹಕ್ಕಿ ಅನ್ನೆಲೋರ್ ಕೂತು ರೆಕ್ಕೆ ನೇವರಿಸಿಕೊಳ್ಳುತ್ತಿತ್ತು. "ಒಳಗೆ ಹೋಗೇ ಮಹಾರಾಣಿ, ತಟ್ಟೆ ಹಾಕಿದೀನಿ!" ಎಂದು ಅಜ್ಜ ಕಾಳಿನ ಡಬ್ಬಿ ಕುಲುಕುತ್ತಿದ್ದ.

"ಇಷ್ಟೊತ್ತಿಗೆ ಮಾರ್ನಿಕ್ಸ್ ಫೋನ್ ಮಾಡಿರ್ಬೇಕಿತ್ತು," ಎಂದಳು ಅಮ್ಮ ಮೆಲ್ಲಗೆ, ಅಂಗಿಯೊಂದನ್ನು ತಂತಿಗೆ ಹಾಕುತ್ತ. "ಆಯ್ಕೆ ಆದವರಿಗೆ ಬೆಳಿಗ್ಗೇನೇ ಹೇಳ್ತಾನೆ. ಆಗದವರು ಮಧ್ಯಾಹ್ನ ಸುದ್ದೀಲಿ ನೋಡ್ಕೋಬೇಕು, ಅಷ್ಟೇ."

"ಇನ್ನೂ ಹೊತ್ತಿದೆ," ಎಂದರು ಮೇಡಂ.

"ಬಿಡಿ ಮೇಡಂ. ಇಷ್ಟು ವರ್ಷ ಬೇರೆಯವರನ್ನ ಗೆಲ್ಲಿಸಿದೀನಿ, ಬೇಜಾರಿಲ್ಲ. ಆದ್ರೆ ಒಂದೇ ಒಂದ್ಸಲ ಆ ನೀಲಿ ಅಂಗಿ ಹಾಕ್ಕೊಂಡು ತುಳೀಬೇಕಿತ್ತು." ಅಮ್ಮ ನಕ್ಕಳು. ನಕ್ಕು, ಒದ್ದೆ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡಳು. "ನೋಡಿ, ಉಚ್ಚೆ ಬರಲ್ಲ, ಬೇಡದ ಕಡೆ ನೀರು ಬರುತ್ತೆ."

ಮಿರ್ತೆಯ ಕೈಯಿಂದ ಕ್ಲಿಪ್ಪು ಜಾರಿತು. ಹೆಕ್ಕುವ ನೆಪದಲ್ಲಿ ಅವಳು ಹುಲ್ಲಿನ ಮೇಲೆ ಬಹಳ ಹೊತ್ತು ಕೂತಳು.

ಮತ್ತೆ ಮಹಡಿ. ಮತ್ತೆ ನಲ್ಲಿಯ ಸದ್ದು. ಈ ಸಲ ಮೆಟ್ಟಿಲಿಳಿಯುವಾಗಲೇ ಮೇಡಂ ಹೆಬ್ಬೆರಳು ಎತ್ತಿ ತೋರಿಸಿದರು. "ಗಟ್ಟಿಮುಟ್ಟಾಗಿದೆ!" ಅಮ್ಮನೇ ಆರಿಸಿದ ಪೊಟ್ಟಣ ಒಡೆದು, ಎರಡು ಗಾಜಿನ ಸೀಸೆಗಳಿಗೆ ಅಮ್ಮನ ಕೈಯಿಂದಲೇ ಸುರಿಸಿ, ಮುಚ್ಚಳ ಕಟಕಟ ಎನ್ನುವವರೆಗೆ ತಿರುಗಿಸಲು ಹೇಳಿದರು. ಅಮ್ಮ ಕೈ ತೊಳೆಯಲು ಹೋದಾಗ ಮಿರ್ತೆ ಮೇಜಿನ ಹತ್ತಿರ ಸರಿದಳು.

"ಮೇಡಂ, ಇನ್ನು ಇದನ್ನ ನೀವು ತೆಗೀಬಹುದಾ?"

"ತೆಗೆಯೋಕೆ ಬರಲ್ಲ. ಮುಚ್ಚಳ ಒಡೀಬೇಕು, ಅದೂ ಪ್ರಯೋಗಶಾಲೆಯಲ್ಲೇ."

"ಇದರಲ್ಲಿ ಕೆಟ್ಟದ್ದು ಇದ್ರೆ? ನಿಮಗೆ ಇಷ್ಟವಾದವರದ್ದಾಗಿದ್ರೆ? ದಾರೀಲಿ ಚೆಲ್ಲಿಬಿಡಬಹುದಲ್ಲ."

ಗಿಲೇನ್ ಮೇಡಂ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ಒಳಗೆ ಏನಿದೆ ಅಂತ ನಾನ್ಯಾಕೆ ತೀರ್ಮಾನ ಮಾಡ್ಲಿ? ನನ್ನದಲ್ಲವಲ್ಲ ಅದು. ಕೊಟ್ಟವರದ್ದು. ನಾನು ತಲುಪಿಸೋಳು ಅಷ್ಟೇ." ಆಮೇಲೆ ಸೀಸೆಗಳನ್ನು ಚೀಲದಲ್ಲಿಡುತ್ತ, "ಯಾಕೆ? ನೀನೇನಾದ್ರೂ ಚೆಲ್ಲಿದೀಯಾ?"

"ಇಲ್ಲ," ಎಂದಳು ಮಿರ್ತೆ. ಮೇಜಿನ ಅಂಚು ಕೆರೆಯುತ್ತ, "ಇನ್ನೂ ಚೆಲ್ಲಿಲ್ಲ," ಎಂದಳು.

ಮೇಡಂ ಚೀಲದ ಜಿಪ್ಪು ಎಳೆದರು. ಅಜ್ಜ ಬಾಗಿಲಲ್ಲಿ ಬೂಟಿನ ಮಣ್ಣು ಝಾಡಿಸುತ್ತ ಬಂದು, "ಆಯ್ತಾ ಅಭಿಷೇಕ?" ಎಂದ. ಅಮ್ಮ ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ಕಿಟಕಿಯ ಹತ್ತಿರ ನಿಂತಳು. ಮೊಬೈಲನ್ನು ಈ ಸಲ ನೋಡಲಿಲ್ಲ, ಮಗುಚಿ ಇಟ್ಟಳು. ಹಾಗೆ ಮಗುಚಿ ಇಟ್ಟದ್ದು ಮಿರ್ತೆಗೆ ತಡೆಯಲಾಗಲಿಲ್ಲ. ಅಮ್ಮ ಅತ್ತಿದ್ದರಾದರೂ ತಡೆದುಕೊಳ್ಳಬಹುದಿತ್ತು.

"ಸರಿ, ಇವತ್ತು ಏನು ಮಾಡೋಣ?" ಎಂದಳು ಅಮ್ಮ, ತೀರಾ ಲವಲವಿಕೆಯಿಂದ. "ರಜಾ ಅಲ್ವಾ? ದೋಸೆ ಹುಯ್ಯೋಣ್ವಾ, ಸಕ್ಕರೆ ಹಾಕ್ಕೊಂಡು ತಿನ್ನೋಕೆ?"

"ಬೇಡ."

"ದೋಸೆ ಬೇಡ್ವಾ? ಅಪ್ಪಾ, ಇವಳಿಗೆ ಜ್ವರ ಇದೆಯಾ ನೋಡು."

ಅಜ್ಜ ಒರಟು ಅಂಗೈಯನ್ನು ಅವಳ ಹಣೆಗಿಟ್ಟ. "ಹಣೆ ತಣ್ಣಗಿದೆ. ಹೊಟ್ಟೇಲಿ ಏನೋ ಕೂತಿದೆ ಇದಕ್ಕೆ. ಉಗುಳೇ."

ಇಗರ್ಜಿಯ ಗೋಪುರದಿಂದ ಏಳೂಮುಕ್ಕಾಲರ ಗಂಟೆ ಕೇಳಿಸಿತು. ಮಿರ್ತೆ ಅಜ್ಜನ ಕೈ ಸರಿಸಿ ನಡುಮನೆಗೆ ಓಡಿದಳು. ಹಳೆಯ ಫೋನನ್ನು ಅದರ ಉದ್ದನೆಯ ವೈರಿನ ಸಮೇತ ಎರಡೂ ಕೈಯಲ್ಲಿ ಎತ್ತಿಕೊಂಡು, ವೈರು ಬಿಗಿಯುವ ತನಕ ಎಳೆದು, ಅಡುಗೆಮನೆಯ ಹೊಸಿಲಲ್ಲಿ ನಿಂತಳು.

"ಬಯ್ಯಬಾರದು," ಎಂದಳು. "ನಾನೇನೂ ಚೆಲ್ಲಿಲ್ಲ. ಮಾರ್ನಿಕ್ಸ್ ಅಂಕಲ್ ಫೋನ್ ಮಾಡಿದ್ರು. ಒಂದು ಜಾಗ ಇದೆಯಂತೆ. ಎಂಟು ಗಂಟೆ ಒಳಗೆ ಹೇಳ್ಬೇಕಂತೆ."

ಟವೆಲ್ಲು ಅಮ್ಮನ ಕೈಯಲ್ಲೇ ನಿಂತಿತು. "ಮಿರ್ತೆ! ಏನಂತ ಹೇಳ್ಬೇಕಂತೆ?"

ಅಜ್ಜ ಬಾಯಿ ತೆರೆದ. ಗಿಲೇನ್ ಮೇಡಂ ಅವನ ತೋಳು ಹಿಡಿದು ಸುಮ್ಮನಿರಿಸಿದರು. ಮಿರ್ತೆ ಎದೆ ತುಂಬ ಉಸಿರೆಳೆದುಕೊಂಡಳು. ಅಷ್ಟು ಹೊತ್ತಿನಿಂದ ಬಾಯೊಳಗೇ ಇಟ್ಟುಕೊಂಡದ್ದನ್ನು, ಒಂದಕ್ಷರ ಹೆಚ್ಚಿಲ್ಲದೆ, ಒಂದಕ್ಷರ ಕಡಿಮೆಯಿಲ್ಲದೆ, ಮಾರ್ನಿಕ್ಸ್ ಹೇಳಿದ ಹಾಗೆಯೇ ಕೇಳಿದಳು:

"ಅನ್ನೆಲೋರ್‌ಗೋಸ್ಕರ ತುಳೀತೀಯಾ?"