ಸಿಟ್‌ಬಫೆ ಹುಟ್ಟಿದ್ದು ಹೀಗೆ

ಬೆಟ್ಟಂಪಾಡಿಯ ಮದುವೆ ಹಾಲ್‌ನ ಬಾಗಿಲಲ್ಲೇ ಬೋರ್ಡು: "ಸಿಟ್‌ಬಫೆ – ಜಯಪ್ರಕಾಶ್ ಕ್ಯಾಟರರ್ಸ್ ಅವರ ಹೊಸ ಕಲ್ಪನೆ." ಓದಿದ ಕೂಡಲೇ ನನ್ನ ಮೈ ಉರಿಯಿತು.

ಆ ಹೆಸರು ಹುಟ್ಟಿದ್ದು ನನ್ನೆದುರು. ಎರಡು ವರ್ಷದ ಹಿಂದೆ ಸುಳ್ಯದಲ್ಲೊಂದು ನಿಶ್ಚಿತಾರ್ಥ. ಮೊಣಕಾಲಿನ ಆಪರೇಶನ್ ಆಗಿದ್ದ ನಾನು ಬಫೆಯ ಸಾಲಿನಲ್ಲಿ ತಟ್ಟೆ ಹಿಡಿದು ನಡುಗುತ್ತಿದ್ದೆ. ಇದೇ ಜಯಪ್ರಕಾಶನ ಕೈಕೆಳಗೆ ಬಡಿಸುತ್ತಿದ್ದ ಸೇವಂತಿ, ಸೌಟು ಬಿಟ್ಟು ಬಂದು ಪ್ಲಾಸ್ಟಿಕ್ ಕುರ್ಚಿ ಎಳೆದಳು. "ಕೂತ್ಕೊಳ್ಳಿ ಟೀಚರೇ. ಎಲ್ರಿಗೆ ಬಫೆ, ನಿಮ್ಗೆ ಸಿಟ್‌ಬಫೆ!" ಎಂದು ನಕ್ಕು, ಒಂದೊಂದೇ ಪಾತ್ರೆಯನ್ನು ನನ್ನ ಬಳಿಗೆ ತಂದಳು. ಆಮೇಲೆ ಪ್ರತಿ ಸಮಾರಂಭದಲ್ಲೂ, ನಿಲ್ಲಲಾರದವರನ್ನು ಹುಡುಕಿ ಕೂರಿಸುತ್ತಿದ್ದಳು.

ಇವತ್ತು ಸಿಟ್‌ಬಫೆಗೆ ಕೂರಲು ಬೇರೆಯೇ ಕಾರ್ಡು ಬೇಕಂತೆ. ನನಗೆ ಸಿಕ್ಕಿತ್ತು. ಮೇಜಿನ ಮೇಲೆ ಬಾಳೆಲೆ, ಅಕ್ಕಪಕ್ಕ ದೊಡ್ಡ ಜನ. ಆಚೆ, ವಧುವಿನ ಮನೆಯ ತೋಟದಲ್ಲಿ ಮೊದಲು ದುಡಿಯುತ್ತಿದ್ದ ಮುದುಕ ಕುಕ್ಕಪ್ಪಣ್ಣ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ತಟ್ಟೆ ಹಿಡಿದು ನಿಂತಿದ್ದರು. ಸೇವಂತಿ ಅವರಿಗೊಂದು ಕುರ್ಚಿ ತಂದಳು. ಜಯಪ್ರಕಾಶ ಅದನ್ನು ಕಿತ್ತುಕೊಂಡ.

"ಎಂತ ಮಾರಾಯ್ತಿ, ಅವರತ್ರ ಕಾರ್ಡ್ ಉಂಟಾ? ಹೋಗು, ಪಾತ್ರೆ ತೊಳಿ. ಇನ್ನೊಮ್ಮೆ ಇಲ್ಲಿ ಕಂಡ್ರೆ ನಾಳೆಯಿಂದ ಬರುದೇ ಬೇಡ."

ಪಾಯಸ ಬಡಿಸುವ ಮೊದಲು ಪಂಕ್ತಿಯಿಂದ ಏಳಬಾರದು. ಎದ್ದರೆ ಮನೆಯವರಿಗೆ ಅವಮಾನ. ಎಪ್ಪತ್ತೊಂದು ವರ್ಷದಲ್ಲಿ ಒಮ್ಮೆಯೂ ಎದ್ದವಳಲ್ಲ. ಎದ್ದೆ. ಸಾಲಿನವರ ಕೈಗಳು ಎಲೆಯ ಮೇಲೆಯೇ ನಿಂತವು. ವಧುವಿನ ತಂದೆ ಓಡಿಬಂದರು.

"ಟೀಚರೇ, ಎಂತ ಕಮ್ಮಿ ಆಯ್ತು?"

"ಕುಕ್ಕಪ್ಪಣ್ಣ ಕೂತು, ಸೇವಂತಿ ಅವರಿಗೆ ಬಡಿಸುವವರೆಗೆ ನಾನು ಕೂರುದಿಲ್ಲ. ಸಿಟ್‌ಬಫೆ ಅವಳದ್ದು."

ಜಯಪ್ರಕಾಶ ಹಲ್ಲು ಕಿರಿದ. "ಒಂದು ಹೆಸರಿಗೆ ಇಷ್ಟು ಕೋಪವಾ ಟೀಚರೇ?"

"ಹೆಸರು ಕದ್ದದ್ದು ಹಾಳಾಗಿ ಹೋಗ್ಲಿ. ಕುರ್ಚಿ ಕಿತ್ಕೊಂಡಿಯಲ್ಲ ಮಾರಾಯ!"

ವಧುವಿನ ತಂದೆ ತಾವೇ ಕುರ್ಚಿ ಹಾಕಿ ಕುಕ್ಕಪ್ಪಣ್ಣನನ್ನು ಕೂರಿಸಿದರು, ಸೇವಂತಿಯನ್ನು ಕರೆಸಿದರು. ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಬಂದವಳು ನನ್ನನ್ನು ದುರುಗುಟ್ಟಿ ನೋಡಿದಳು.

"ನೀವು ಉಂಡು ಮನೆಗೆ ಹೋಗ್ತೀರಿ. ನಾಳೆ ನಂಗೆ ಕೆಲಸ ಯಾರು ಕೊಡುದು?"

ಜಯಪ್ರಕಾಶ ಅವಳನ್ನೇ ನೋಡುತ್ತಿದ್ದ. ಅವಳು ಅವನಿಗೆ ಬೆನ್ನು ಹಾಕಿ, "ಸಾಂಬಾರು ಅನ್ನದ ಮೇಲೆಯಾ, ಬದಿಗಾ ಅಣ್ಣ?" ಎಂದು ಕೇಳಿ ಬಡಿಸಿದಳು. ಆಮೇಲೆ ನನ್ನ ಮುಖ ನೋಡದೆಯೇ ನನ್ನ ಕುರ್ಚಿಯನ್ನು ಹಿಂದಿನಿಂದ ಮೊಣಕಾಲಿಗೆ ತಾಗುವವರೆಗೆ ತಳ್ಳಿದಳು.

"ಕೂತ್ಕೊಳ್ಳಿ. ಕಾಲು ನಡುಗ್ತಾ ಉಂಟು."