ಹೊಟ್ಟೆ ನೋವಿಗೆ ನಾಲ್ಕು ಚೌಕ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ‘ಪ್ರಶ್ನೆ ಮೇಡಂ’ ಎಂದೇ ಕರೆಯುತ್ತಿದ್ದರು. ಅಂಡಾಶಯದ ಕ್ಯಾನ್ಸರ್ ಆದ ಹೆಂಗಸರು ಮೂರು ವಾರಕ್ಕೊಮ್ಮೆ ಔಷಧಿ ಹಾಕಿಸಿಕೊಳ್ಳಲು ಬಂದಾಗ, ಅವರ ಬದುಕು ಹೇಗೆ ನಡೆದಿದೆ ಎಂದು ಕೇಳಿ ಅಳೆಯುವುದು ಅವಳ ಕೆಲಸ. ನಿದ್ದೆ ಬಂತಾ, ವಾಂತಿ ಆಯ್ತಾ, ಹೊಟ್ಟೆ ನೋಯ್ತಾ. ಇಲ್ಲ, ಸ್ವಲ್ಪ, ಸಾಕಷ್ಟು, ತುಂಬಾ: ನಾಲ್ಕರಲ್ಲಿ ಒಂದು ಚೌಕಕ್ಕೆ ಗುರುತು. ಅದಕ್ಕಿಂತ ಒಂದು ಮಾತು ಹೆಚ್ಚು ಕೇಳುವಂತಿಲ್ಲ. ಕೇಳಿದರೆ ಉತ್ತರ ಕೆಡುತ್ತದಂತೆ! ಯಾವ ಮಹಾನುಭಾವ ಮಾಡಿದ ನಿಯಮವೋ, ಅವಳಂತೂ ಚಾಚೂ ತಪ್ಪದೆ ಪಾಲಿಸುತ್ತಿದ್ದಳು.

ದರ್ಜಿ ಅಕ್ಕ ಕಳೆದ ಎರಡು ಸಲವೂ ಹೊಟ್ಟೆ ನೋವಿಗೆ ‘ತುಂಬಾ’ ಎಂದಿದ್ದಳು. ಬಟ್ಟೆ ಹೊಲಿದು ಮನೆ ನಡೆಸುವ ಹೆಂಗಸು, ನರ್ಸುಗಳ ಜೊತೆ ಅರಳು ಹುರಿದಂತೆ ಮಾತಾಡುವವಳು. ಲಾರಿ ಮೆಕ್ಯಾನಿಕ್ ಗಂಡ ಬಂದು ಪಕ್ಕದಲ್ಲಿ ಕೂತನೋ, ಬಾಯಿಗೆ ಬೀಗ. ಯಾಕೆ ಹೀಗೆ ಎಂದು ಪ್ರಶ್ನೆ ಮೇಡಂಗೆ ಅನ್ನಿಸದೆ ಇರಲಿಲ್ಲ. ಆದರೂ ಕೇಳದೆ ಎದ್ದು ಹೋಗಿದ್ದಳು.

ಮೂರನೇ ಸಲ ಡಾಕ್ಟರು ಹಳೆಯ ಉತ್ತರಗಳನ್ನು ನೋಡಿ, ಬಟ್ಟೆಯ ಮೇಲಿಂದಲೇ ದರ್ಜಿ ಅಕ್ಕನ ಹೊಟ್ಟೆ ಒತ್ತಿದರು. ಸರಿಸಿ ನೋಡಲು ಅವರಿಗೆಲ್ಲಿಯ ಪುರುಸೊತ್ತು! ಅವಳು ಕಿರುಚಿದಳು.

“ಗಡ್ಡೆ ಕರಗ್ತಿದೆ, ಆದ್ರೆ ನೋವು ಏರ್ತಾನೇ ಇದೆ. ಈ ಔಷಧಿ ಇವರಿಗೆ ಒಗ್ತಿಲ್ಲ. ಇವತ್ತಿಂದ ನಿಲ್ಸಿಬಿಡೋಣ,” ಎಂದು ಪಕ್ಕದ ಕೋಣೆಗೆ ಹೋದರು.

“ನಿಲ್ಸಿದ್ರೆ ನಾನು ಉಳೀತೀನಾ?” ದರ್ಜಿ ಅಕ್ಕ ಕೇಳಿದಳು.

ಪ್ರಶ್ನೆ ಮೇಡಂ ಚೌಕಗಳ ಹಾಳೆ ಬದಿಗಿಟ್ಟಳು. ಆಮೇಲೆ ಮೊದಲ ಸಲ ನಿಯಮ ಮೀರಿದಳು. “ಅಕ್ಕ, ಆ ನೋವು ಯಾತರದ್ದು?”

“ಏನೂ ಇಲ್ಲ, ಬರ್ಕೊಂಡು ಹೋಗಮ್ಮ,” ಎಂದ ಪಕ್ಕದಲ್ಲೇ ಕೂತಿದ್ದ ಗಂಡ.

ದರ್ಜಿ ಅಕ್ಕ ಅವನನ್ನು ನೋಡಿದಳು. ನೋಡುತ್ತಲೇ ಅಂಗಿ ಎತ್ತಿದಳು. ಆಪರೇಷನ್ ಗಾಯದ ಉದ್ದಕ್ಕೂ ಬೂಟಿನ ಗುರುತು, ಕೆಲವು ಹಳದಿ, ಕೆಲವು ಇನ್ನೂ ನೀಲಿ.

“ಒದೀತಾನೆ. ಹೊಲಿಗೆ ಹಾಕಿದ ಜಾಗಕ್ಕೇ ಒದೀತಾನೆ. ಹೇಗೂ ಸಾಯೋಳು ಅಂತಾನೆ.”

ಅವನು ಎದ್ದ. ಹಿಡಿದೆಳೆಯಲು ಅವಳ ತಲೆಯಲ್ಲಿ ಕೂದಲಿರಲಿಲ್ಲ. ಕುತ್ತಿಗೆಗೇ ಕೈ ಹಾಕಿದ. ಮುಖವನ್ನು ಗೋಡೆಗೆ ಬಡಿದ. ಹಲ್ಲು ಮುರಿದು ನೆಲಕ್ಕೆ ಬಿತ್ತು. ಬಿದ್ದವಳ ಹೊಟ್ಟೆಗೆ ಒದ್ದ, ಮತ್ತೆ ಒದ್ದ.

ಪ್ರಶ್ನೆ ಮೇಡಂಗೆ ಮೈಯೆಲ್ಲ ಉರಿದುಹೋಯಿತು. ಅವನ ಮೇಲಿನ ಸಿಟ್ಟೆಷ್ಟೋ, ತನ್ನ ಮೇಲಿನದೂ ಅಷ್ಟೇ. ಕಬ್ಬಿಣದ ಸ್ಟೂಲು ಎತ್ತಿ ಅವನ ಕಿವಿಯ ಮೇಲೆ ಬೀಸಿದಳು. ಚರ್ಮ ಹರಿದು ರಕ್ತ ಚಿಮ್ಮಿತು. ಅವನು ತಿರುಗಿ ಗುದ್ದಿದ ಏಟಿಗೆ ಅವಳ ಮೂಗು ಮುರಿಯಿತು. ಬಿದ್ದಲ್ಲಿಂದಲೇ ಅವನ ಬೂಟುಗಾಲನ್ನು ಅಪ್ಪಿ ಹಿಡಿದಳು. ಬೆನ್ನಿನ ಮೇಲೆ ಏಟು ಬೀಳುತ್ತಲೇ ಇತ್ತು. ಸೆಕ್ಯುರಿಟಿಯವರು ಬಂದು ಅವನನ್ನು ದರದರನೆ ಎಳೆದೊಯ್ಯುವವರೆಗೂ ಕೈ ಬಿಡಲಿಲ್ಲ.

ಡಾಕ್ಟರು ಓಡಿ ಬಂದು ನೆಲಕ್ಕೆ ಮಂಡಿಯೂರಿದರು. ಈಗ ಬಟ್ಟೆ ಸರಿಸಿದರು. ನೋಡಿ ಬಿಳಿಚಿಕೊಂಡರು.

ದರ್ಜಿ ಅಕ್ಕ ರಕ್ತ ಉಗುಳಿ, ಅವರ ಕೋಟಿನ ತೋಳು ಹಿಡಿದುಕೊಂಡಳು.

“ಡಾಕ್ಟ್ರೇ, ಈ ನೋವು ಲೆಕ್ಕಕ್ಕೆ ಹಿಡೀಬೇಡಿ. ನಂಗೆ ಔಷಧಿ ಹಾಕಿ.”