ಫೋನಿನಿಂದ ಹೊರಬಂದ ಅಪ್ಪ

ಸಂಜೆ ಏಳೂವರೆ. ಕುಲಶೇಖರದ ತನ್ನ ಮನೆಯಲ್ಲಿ ಹವಾಲ್ದಾರ್ ಡೆನ್ಜಿಲ್ ಮೂರು ವರ್ಷದ ಮಗಳು ಎಲ್ವಿಶಾಳ ಕೆನ್ನೆಗೆ ಹೊಡೆದ.

ಮಗು ಅಳಲಿಲ್ಲ. ಬಾಯಿ ತೆರೆದು ಅವನನ್ನೇ ನೋಡಿತು. ಡೆನ್ಜಿಲ್ ತನ್ನ ಕೈಯನ್ನು ನೋಡಿಕೊಂಡ. ಹೆಂಡತಿ ಆನ್ಸಿ ಬಾಚಿ ಎತ್ತಿಕೊಂಡ ಮೇಲಷ್ಟೇ ಮಗುವಿನ ಅಳು ಹೊರಟಿತು.

ಡೆನ್ಜಿಲ್ ಗಡಿಯ ಕರ್ತವ್ಯ ಮುಗಿಸಿ ಊರಿಗೆ ಬಂದು ಒಂದು ವಾರವೂ ಆಗಿರಲಿಲ್ಲ. ಹಿಂದಿನ ರಜೆ ರದ್ದಾಗಿತ್ತು. ಅವನು ಹೋಗುವಾಗ ಮಗಳಿಗೆ ಆಗಷ್ಟೇ ನಡೆಯಲು ಬಂದಿತ್ತು. ಆಮೇಲೆ ಅವಳಿಗೆ ಅಪ್ಪನೆಂದರೆ ವಿಡಿಯೋ ಕರೆ.

ಈ ಮನೆಯಲ್ಲಿ ಊಟಕ್ಕೆ ಮೊದಲು ಎಲ್ಲರೂ ಕುಳಿತು ಜಪಮಾಲೆಯ ಪ್ರಾರ್ಥನೆ ಮಾಡುತ್ತಾರೆ. ಅದು ಮುಗಿದ ಕೂಡಲೇ ಚಿಕ್ಕವರು ಹಿರಿಯರ ಮುಂದೆ ಕೈಮುಗಿದು 'ಬೆಸಾಂವ್', ಅಂದರೆ ಆಶೀರ್ವಾದ, ಕೇಳಬೇಕು. ಎಲ್ವಿಶಾ ಅಪ್ಪನ ಬೆಸಾಂವ್ ಕೇಳುತ್ತಿದ್ದದ್ದು ದೇವರ ಪೀಠಕ್ಕೆ ಒರಗಿಸಿಟ್ಟ ಫೋನಿನಲ್ಲಿ. ಅಪ್ಪನೇ ಬಂದು ಕುಳಿತ ಮೇಲೆ ಅವಳು ಹತ್ತಿರ ಸುಳಿಯಲಿಲ್ಲ. ಅಜ್ಜಿ ವೆರೋನಿಕಾ ದಿನವೂ ಅವಳನ್ನು ಮುಂದಕ್ಕೆ ತಳ್ಳುತ್ತಿದ್ದರು. ಆ ಸಂಜೆ ತಳ್ಳಿದಾಗ ಅವಳು ಕಿರುಚಿದಳು: "ನೀನಲ್ಲ! ಡ್ಯಾಡಿ ಫೋನಲ್ಲಿ ಉಂಟು!"

ಏಟು ಬಿದ್ದದ್ದು ಆಗ.

ಡೆನ್ಜಿಲ್ ಕೋಣೆಗೆ ಹೋಗಿ ಬಟ್ಟೆಗಳನ್ನು ಚೀಲಕ್ಕೆ ತುರುಕತೊಡಗಿದ. "ನಾಳೆಯೇ ಯೂನಿಟ್‌ಗೆ ವಾಪಸ್ ಹೋಗ್ತೇನೆ. ಇಲ್ಲಿ ನನ್ನಿಂದ ಆಗುವುದಿಲ್ಲ."

ಆನ್ಸಿ ನರ್ಸ್. ಮಗುವಿನ ಕೆನ್ನೆ, ಕಿವಿ ಎರಡನ್ನೂ ಪರೀಕ್ಷಿಸಿದಳು. ಪಕ್ಕದ ಮನೆಯ ಮುನೀರಾಳಿಗೆ ಫೋನ್ ಮಾಡಿದಳು. ಮುನೀರಾ ನಗರದ ಆಸ್ಪತ್ರೆಯೊಂದರ ಮಕ್ಕಳ ವಿಭಾಗದಲ್ಲಿ ಆಪ್ತಸಮಾಲೋಚಕಿ.

ಮುನೀರಾ ಬಂದಾಗ ವೆರೋನಿಕಾ ಬಾಗಿಲಲ್ಲೇ ತಡೆದರು. "ಎಂತ ದೊಡ್ಡ ವಿಷಯ ಮಾರಾಯ್ತಿ? ಹೊಡೆದದ್ದು ಅಪ್ಪ, ದಾರಿಯಲ್ಲಿ ಹೋಗುವವನಲ್ಲ. ನಿನ್ನ ಗಂಡ ತಮೀಮ್ ದಮ್ಮಾಮಿನ ಕೆಲಸದಿಂದ ಬಂದಾಗ ನಿನ್ನ ಮಗ ಹೀಗೆ ಮಾಡಿದ್ನಾ?"

"ಮಾಡಿದ್ದ, ವೆರೋನಿಕಾ ಬಾಯಿ. ನಾಲ್ಕು ದಿನ 'ಅಂಕಲ್' ಅಂತ ಕರೆದ. 'ಅಂಕಲ್, ನಿಮ್ಮ ಮನೆ ಎಲ್ಲಿ?' ಅಂತ ಬೇರೆ ಕೇಳಿದ. ತಮೀಮ್‌ಗೆ ಸಿಟ್ಟೂ ಬಂತು. ಆದ್ರೆ ಹೊಡೆಯಲಿಲ್ಲ."

"ನೋಡು ಮತ್ತೆ, ತನ್ನಷ್ಟಕ್ಕೇ ಸರಿಯಾಯ್ತಲ್ಲ!"

"ತನ್ನಷ್ಟಕ್ಕೇ ಆಗಲಿಲ್ಲ. ನಾವು ಮಗುವನ್ನು ತಳ್ಳಲಿಲ್ಲ, ಅದಕ್ಕೆ ಸರಿಯಾಯ್ತು."

ಆಗ ಆನ್ಸಿಯ ಹೆಗಲ ಮೇಲಿದ್ದ ಎಲ್ವಿಶಾ ತಲೆಯೆತ್ತಿ ಕೇಳಿದಳು: "ಅಜ್ಜಿ, ಇವ ಯಾವಾಗ ಹೋಗ್ತಾನೆ?"

ವೆರೋನಿಕಾ ಬಾಗಿಲು ಬಿಟ್ಟು ಸರಿದರು. ಒಳಗೆ ಬಟ್ಟೆ ತುರುಕುವ ಸದ್ದು ನಿಂತಿತು.

ಡೆನ್ಜಿಲ್ ಹೊರಗೆ ಬಂದ. "ಕೇಳಿದಿರಲ್ಲ? ನಾನು ಹೋದ್ರೇ ಅವಳಿಗೆ ಒಳ್ಳೆಯದು."

"ಹೋದ್ರೆ ಅವಳಿಗೆ ಉಳಿಯುವುದು ಆ ಏಟಿನ ನೆನಪು ಮಾತ್ರ" ಎಂದಳು ಮುನೀರಾ. "ಹೊಡೆದದ್ದು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅವಳು ನಿಮ್ಮನ್ನು ಬೇಡ ಅಂತ ಹೇಳ್ತಿಲ್ಲ. ಅಂಗೈಯಷ್ಟು ಇದ್ದ ಡ್ಯಾಡಿ ಬಾಗಿಲಷ್ಟು ದೊಡ್ಡದಾಗಿ ಬಂದ್ರೆ ಹೆದರಿಕೆ ಆಗುವುದಿಲ್ವಾ? ಅದು ಇರಲಿ, ನಿಮಗೆ ನಿದ್ದೆ ಬರ್ತದಾ?"

ಅವನು ತಲೆ ತಗ್ಗಿಸಿದ. "ಗೇಟಿನ ಸದ್ದಾದ್ರೂ ಎದ್ದು ಕೂರ್ತೇನೆ. ಎಲ್ಲದಕ್ಕೂ ಸಿಟ್ಟು ಬರ್ತದೆ."

"ನನಗೆ ಯಾಕೆ ಹೇಳಲಿಲ್ಲ?" ಆನ್ಸಿ ಕೇಳಿದಳು. "ನಾನು ಒಬ್ಬಳೇ ನಡೆಸಿದ ಮನೆಯಲ್ಲಿ ನೀವು ಬಂದ ದಿನದಿಂದ ಬರೀ ಆರ್ಡರ್. ನಾನು ಅಹಂಕಾರ ಅಂದುಕೊಂಡೆ."

"ಯೂನಿಟ್‌ನಲ್ಲಿ ಗೊತ್ತಾದ್ರೆ ಹುಚ್ಚ ಅಂತಾರೆ."

"ಕಾಲು ಮುರಿದ್ರೆ ಡಾಕ್ಟರ ಹತ್ತಿರ ಹೋಗುವುದಿಲ್ವಾ?" ಎಂದಳು ಮುನೀರಾ. "ಇದಕ್ಕೂ ಡಾಕ್ಟರು ಇದ್ದಾರೆ. ಮೊದಲು ಮಾತಾಡ್ಲಿಕ್ಕೆ 14416ಕ್ಕೆ ಫೋನ್ ಮಾಡಿ. ಸರಕಾರದ್ದೇ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಣ ಕೊಡ್ಲಿಕ್ಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ."

ಮಗುವಿನ ವಿಷಯಕ್ಕೂ ಮುನೀರಾ ದಾರಿ ಹೇಳಿದಳು. ಅಪ್ಪ ನೆಲದ ಮೇಲೆ ಕುಳಿತು, ಮಗುವಿನ ಎತ್ತರದಲ್ಲೇ ಇರಬೇಕು. ಮೊದಮೊದಲು ಅಮ್ಮ ಪಕ್ಕದಲ್ಲಿರಲಿ. ಮುತ್ತು, ಅಪ್ಪುಗೆ ಯಾವುದಕ್ಕೂ ಒತ್ತಾಯ ಬೇಡ. ಸಿಟ್ಟು ಏರಿದರೆ ಮಗುವನ್ನು ಆನ್ಸಿಯ ಬಳಿ ಬಿಟ್ಟು ಅಂಗಳಕ್ಕೆ ಹೋಗಬೇಕು. ಹೊಡೆದದ್ದಕ್ಕೆ ಮಗುವಿನ ಹತ್ತಿರ ತಪ್ಪಾಯಿತೆಂದು ಹೇಳಬೇಕು.

"ಮಗುವಿಗೆ ಸಾರಿ ಹೇಳುವುದಾ?" ವೆರೋನಿಕಾ ಕೇಳಿದರು. ಮೊಮ್ಮಗಳ ಕೆನ್ನೆ ನೋಡಿ ಅವರೇ ಅಂದರು: "ಹೇಳು ಡೆನ್ಜಿಲ್. ತಳ್ಳಿದ್ದಕ್ಕೆ ನಾನೂ ಹೇಳ್ತೇನೆ."

ಓದುಗರೇ, ನಿಮ್ಮ ಮನೆಗೋ ನೆರೆಮನೆಗೋ ದೂರದ ಕರ್ತವ್ಯ ಮುಗಿಸಿ ಸೈನಿಕರು ಬಂದರೆ ಹಾರ ಹಾಕಿ ಮರೆತುಬಿಡಬೇಡಿ. ಪುಟ್ಟ ಮಕ್ಕಳಿಗೆ ಹೊಂದಿಕೊಳ್ಳಲು ಸಮಯ ಕೊಡಿ. ನಿದ್ದೆ ಬರುತ್ತಿದೆಯೇ ಎಂದು ಆ ಸೈನಿಕರನ್ನು ಕೇಳಿ. ಇಷ್ಟು ದಿನ ಒಬ್ಬಳೇ ಮನೆ ನಡೆಸಿದವಳನ್ನೂ ಕೇಳಿ. ಏಟು ಬೀಳುವವರೆಗೆ ಕಾಯಬೇಡಿ. 14416 ಹಗಲೂ ರಾತ್ರಿಯೂ ತೆರೆದಿರುತ್ತದೆ.

ಡೆನ್ಜಿಲ್ ಮರುದಿನ ಹೊರಡಲಿಲ್ಲ; ನೆಲದ ಮೇಲೆ ಕುಳಿತು ಮಗಳಿಗೆ ತಪ್ಪಾಯಿತು ಎಂದ. ಅದೇ ವಾರ ಆನ್ಸಿಯ ಜೊತೆ ಹೋಗಿ ಮನೋವೈದ್ಯರನ್ನು ಕಂಡ. ಎಲ್ವಿಶಾ ಇನ್ನೂ ಅವನ ತೊಡೆ ಏರಿಲ್ಲ. ಆದರೆ ಶನಿವಾರ ಬೆಳಿಗ್ಗೆ ಅವನ ತಟ್ಟೆಯಿಂದ ಒಂದು ತುಂಡು ದೋಸೆ ತೆಗೆದು ತಿಂದಳು.